ಅರವತ್ತು ಜನರ ಲೂಥರನ್ ಸಭೆ: ಎರಡನೆಯ ಕೈ ಯಾರದು?

ಅಮೆರಿಕದ ಮಿನ್ನೆಸೋಟದ ಸಣ್ಣ ಊರುಗಳಲ್ಲಿ, ಭಾನುವಾರಕ್ಕೆ ಐವತ್ತು ಅರವತ್ತು ಜನ ಸೇರುವ ಲೂಥರನ್ (ಮಾರ್ಟಿನ್ ಲೂಥರನ ಪಂಥದ) ಚರ್ಚಿನಲ್ಲಿ ಸಂಬಳದವರು ಮೂರೋ ನಾಲ್ಕೋ ಜನ. ಪಕ್ಕದೂರಿನ ಸಭೆಯನ್ನೂ (ಚರ್ಚಿನ ಬಳಗವನ್ನೂ) ನೋಡಿಕೊಳ್ಳುವ ಪಾಸ್ಟರ್, ಆರ್ಗನ್ ನುಡಿಸುವವರು, ಕಸ ಗುಡಿಸಿ ಹಿಮ ತೆಗೆಯುವವರು, ಆಫೀಸಿನಲ್ಲಿ ವಾರಕ್ಕೆ ಹತ್ತು ಹನ್ನೆರಡು ಗಂಟೆ ಕೂರುವ ನಮ್ಮಂಥವರು. ಮಿಕ್ಕಿದ್ದೆಲ್ಲ ಸೇವೆ. ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಕಾಫಿ ಮಾಡುತ್ತಿರುವ ಒಬ್ಬರು ಇದ್ದೇ ಇರುತ್ತಾರೆ. ಅವರು ಮೊಣಕಾಲಿನ ಆಪರೇಷನ್‌ಗೆ ಹೋದ ವಾರ ಇಡೀ ಸಭೆಯ ವ್ಯವಸ್ಥೆ ಬಯಲಿಗೆ ಬರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಮಾಡಬಲ್ಲ ಎರಡನೆಯವರು ಯಾರು?

ಕಾಫಿಯಿಂದಲೇ ಶುರು ಮಾಡೋಣ. 60 ಕಪ್ಪಿನ ವಿದ್ಯುತ್ ಪರ್ಕೊಲೇಟರ್‌ಗೆ (ಕುದಿವ ನೀರನ್ನು ಕೊಳವೆಯಲ್ಲಿ ಮೇಲೇರಿಸಿ ಪುಡಿಯ ಮೂಲಕ ಇಳಿಸುವ ಕಾಫಿ ಪಾತ್ರೆಗೆ) ಸುಮಾರು 9 ಲೀಟರ್ ನೀರು, ನಾಲ್ಕು ಅಳತೆ ಕಪ್ ತರಿತರಿ ಪುಡಿ, ಅಂದರೆ ಹೆಚ್ಚುಕಡಿಮೆ 330 ಗ್ರಾಂ. ನಮ್ಮ ಫಿಲ್ಟರ್ ಕಾಫಿಯವರು ಕುಡಿದರೆ ‘ಲೋಟ ತೊಳೆದ ನೀರು’ ಎನ್ನಬಹುದು, ಇಲ್ಲಿ ಅದೇ ಹದ. ನೀರು ತಣ್ಣಗಿರಲೇಬೇಕು. ಬೇಗ ಆಗಲಿ ಅಂತ ಯಾರಾದರೂ ಬಿಸಿನೀರು ಹಾಕಿದರೆ ಥರ್ಮೋಸ್ಟಾಟ್ ‘ಕಾಫಿ ಆಯಿತು’ ಅಂದುಕೊಂಡು ನೀರು ಮೇಲೇರುವ ಮೊದಲೇ ನಿಂತುಬಿಡುತ್ತದೆ. ನಯ ಪುಡಿ ಹಾಕಿದರೆ ತಟ್ಟೆಯ ತೂತು ಕಟ್ಟಿಕೊಂಡು ಗಸಿ ಕೆಳಕ್ಕಿಳಿಯುತ್ತದೆ. ಕಾಯಲು 45 ನಿಮಿಷದಿಂದ ಒಂದು ಗಂಟೆ ಬೇಕು.

ಎಡವಟ್ಟಾಗುವುದು ಶವಸಂಸ್ಕಾರದ ದಿನ, ಎರಡು ಪರ್ಕೊಲೇಟರ್ ಒಟ್ಟಿಗೆ ಇಟ್ಟಾಗ. ಇಲ್ಲಿನ ವಿದ್ಯುತ್ 120 ವೋಲ್ಟ್. 1500 ವ್ಯಾಟಿನ ಒಂದು ಪಾತ್ರೆ 12.5 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 25. ಹಳೆಯ ಬೇಸ್‌ಮೆಂಟ್ ಅಡುಗೆಮನೆಯ ಬ್ರೇಕರ್ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಸರ್ಕ್ಯೂಟ್ ಆರಿಸುವ ಸ್ವಿಚ್) 15 ಅಥವಾ 20 ಆಂಪಿಯರಿನದು. ಕಟ್ಟೆಯ ಮೇಲೆ ಅಕ್ಕಪಕ್ಕದ ಎರಡು ಸಾಕೆಟ್ ಇದ್ದ ಮಾತ್ರಕ್ಕೆ ಎರಡು ಸರ್ಕ್ಯೂಟ್ ಎಂದಲ್ಲ. ತಮಾಷೆಯೆಂದರೆ 20ರ ಬ್ರೇಕರ್ 25 ಆಂಪಿಯರಿಗೆ ತಕ್ಷಣ ಬೀಳುವುದಿಲ್ಲ. ಕೆಲವು ನಿಮಿಷ ಕಾದು, ಬಿಸಿಯಾಗಿ, ಎಲ್ಲರೂ ಮೇಲೆ ಆರಾಧನೆಗೆ ಹೋದ ಮೇಲೆ ಬೀಳುತ್ತದೆ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಎರಡು ಪಾತ್ರೆಯಲ್ಲೂ ಉಗುರುಬೆಚ್ಚಗಿನ ಕಂದು ನೀರು. ಅದೇ ಸರ್ಕ್ಯೂಟಿನಲ್ಲಿ ಫ್ರಿಜ್ ಇದ್ದರೆ ಅದೂ ಆರಿರುತ್ತದೆ. ಮಾಂಸ ಬಿಸಿ ಮಾಡುವ ರೋಸ್ಟರ್ ಕೂಡ 1450 ವ್ಯಾಟಿನ ಆಸುಪಾಸು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಮಧ್ಯಾಹ್ನ ಇಬ್ಬರು ನಿಂತು, ಒಬ್ಬರು ಬ್ರೇಕರ್ ಆರಿಸುತ್ತ, ಇನ್ನೊಬ್ಬರು ಟೇಬಲ್ ಲ್ಯಾಂಪ್ ಹಿಡಿದು ಸಾಕೆಟ್ ಪರೀಕ್ಷಿಸುತ್ತ, ಒಂದೊಂದು ಸರ್ಕ್ಯೂಟಿಗೆ ಒಂದೊಂದು ಬಣ್ಣದ ಟೇಪ್ ಅಂಟಿಸಿ. ಒಂದು ಬಣ್ಣಕ್ಕೆ ಒಂದೇ ಪಾತ್ರೆ. ಬೇರೆ ಸರ್ಕ್ಯೂಟ್ ಇಲ್ಲದಿದ್ದರೆ ಮೊದಲನೆಯದರ ‘ರೆಡಿ’ ದೀಪ ಹತ್ತಿದ ಮೇಲೆ ಎರಡನೆಯದು. ಬಿಸಿ ಕಾಯ್ದಿಡುವ ಹಂತದಲ್ಲಿ ಅದು ಎಳೆಯುವ ಕರೆಂಟು ಕಡಿಮೆ.

ಶವಸಂಸ್ಕಾರದ ಊಟ ಈ ಸಭೆಗಳ ಬಹು ದೊಡ್ಡ ಸೇವೆ. ಕುಟುಂಬದವರು ಎಷ್ಟು ಜನ ಬರುತ್ತಾರೆಂದು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಶವಸಂಸ್ಕಾರದ ಏರ್ಪಾಡು ಮಾಡುವ ಫ್ಯೂನರಲ್ ಹೋಮ್‌ನವರನ್ನು ಕೇಳಿ, ಅವರ ಅಂದಾಜು ಸಾಮಾನ್ಯವಾಗಿ ಸರಿ ಇರುತ್ತದೆ. ನೂರು ಜನಕ್ಕೆ 150 ಹ್ಯಾಮ್ ಬನ್. ಒಂದು ಬನ್ನಿಗೆ 57 ಗ್ರಾಂ ಹ್ಯಾಮ್ ಎಂದರೆ ಒಟ್ಟು ಎಂಟೂವರೆ ಕಿಲೋ. 9×13 ಇಂಚಿನ ಒಂದು ಟ್ರೇ ಸಿಹಿ ‘ಬಾರ್’ 24 ತುಂಡಾಗುತ್ತದೆ, ತಲೆಗೆ ಎರಡರಂತೆ ಒಂಬತ್ತು ಟ್ರೇ. ಬಿಸಿಯದು 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿ ದಾಟಬಾರದು, ಹೊರಗೆ ಎರಡು ಗಂಟೆ ಇದ್ದ ಆಲೂಗಡ್ಡೆ ಸಲಾಡನ್ನು ಯಾರ ಮನೆಗೂ ಕಟ್ಟಿಕೊಡಬೇಡಿ. ‘ಎಸೆಯುವುದೇ, ಅಯ್ಯೋ’ ಎನ್ನುವ ಅಜ್ಜಿಯರಿಗೆ ಇದನ್ನು ಹೇಳುವ ಕೆಲಸ ಥರ್ಮಾಮೀಟರಿಗೆ ಬಿಡುವುದು ಒಳ್ಳೆಯದು.

ಆಲ್ಟರ್ (ಚರ್ಚಿನ ಪೂಜಾಪೀಠದ) ಕೆಲಸದಲ್ಲಿ ಹೊಸಬರು ಹೆದರುವುದು ಹೊದಿಕೆಯ ಬಣ್ಣಕ್ಕೆ: ಈಸ್ಟರಿನ ಮುಂಚಿನ ಉಪವಾಸ ಕಾಲವಾದ ಲೆಂಟ್‌ಗೆ ನೇರಳೆ, ಪವಿತ್ರಾತ್ಮ ಇಳಿದದ್ದನ್ನು ನೆನೆಯುವ ಪೆಂತೆಕೋಸ್ತಿಗೂ ಲೂಥರನ ಸುಧಾರಣೆಯನ್ನು ನೆನೆಯುವ ಅಕ್ಟೋಬರ್ ಕೊನೆಯ ರಿಫಾರ್ಮೇಶನ್ ಭಾನುವಾರಕ್ಕೂ ಕೆಂಪು, ವರ್ಷದ ಬಹುಪಾಲು ಹಸಿರು. ಕ್ಯಾಲೆಂಡರ್ ನೋಡಿದರೆ ಆಯಿತು, ಅದೇನು ಕಷ್ಟವಲ್ಲ. ಕಷ್ಟ ಇರುವುದು ಬಟ್ಟೆಯಲ್ಲಿ. ಪ್ರಭು ಭೋಜನದಲ್ಲಿ (ಕಮ್ಯೂನಿಯನ್‌ನಲ್ಲಿ) ಎಲ್ಲರಿಗೂ ಕೊಡುವ ರೊಟ್ಟಿ ಮತ್ತು ವೈನ್ ಪಾತ್ರೆಯ ಕೆಳಗೆ ಹಾಸುವ ಚೌಕ ಲಿನನ್ನಿಗೆ ಕಾರ್ಪೊರಲ್ ಎನ್ನುತ್ತಾರೆ. ಅದನ್ನು ಮೂರು ಪಾಲು ಮಾಡಿ ಒಳಮುಖವಾಗಿ ಮಡಚಿ, ತಿರುಗಿಸಿ ಮತ್ತೆ ಮೂರು ಪಾಲು ಮಾಡಬೇಕು, ಬಿಚ್ಚಿದಾಗ ಒಂಬತ್ತು ಚೌಕ ಕಾಣುತ್ತವೆ. ಒಳಮುಖ ಏಕೆಂದರೆ, ಉದುರಿದ ರೊಟ್ಟಿಯ ಚೂರು ನೆಲಕ್ಕೆ ಬೀಳದೆ ಮಡಿಕೆಯಲ್ಲೇ ಉಳಿಯಲಿ ಎಂದು. ಪಾತ್ರೆಯ ಅಂಚು ಒರೆಸುವ ಬಟ್ಟೆಗೆ ಗಂಜಿ ಹಾಕಬೇಡಿ, ಹಾಕಿದರೆ ಹೀರುವುದಿಲ್ಲ. ಅದರಲ್ಲಿ ವೈನಿನ ಕಲೆಗಿಂತ ಲಿಪ್‌ಸ್ಟಿಕ್ ಕಾಟ ಜಾಸ್ತಿ. ಮೊದಲು ಪಾತ್ರೆ ತೊಳೆಯುವ ಸೋಪನ್ನು ಕಲೆಗೆ ಉಜ್ಜಿ ತಣ್ಣೀರಲ್ಲಿ ತೆಗೆಯಬೇಕು. ಸೀದಾ ಬಿಸಿನೀರಿಗೋ ಡ್ರೈಯರಿಗೋ ಹೋದರೆ ಕಲೆ ಕಚ್ಚಿಕೊಂಡುಬಿಡುತ್ತದೆ. ಮೊದಲ ಸಲ ಜಾಲಿಸಿದ ನೀರನ್ನು ಚರಂಡಿಗಲ್ಲ, ಮಣ್ಣಿಗೆ ಹಾಕುವುದು ರೂಢಿ. ಆಲ್ಟರಿನ ಉದ್ದ ಬಟ್ಟೆಯನ್ನು ಒದ್ದೆ ಇರುವಾಗಲೇ ಇಸ್ತ್ರಿ ಮಾಡಿ ರಟ್ಟಿನ ಕೊಳವೆಗೆ ಸುತ್ತಿಡಿ, ಮಡಚಿಟ್ಟರೆ ಗೆರೆ ಹೋಗುವುದಿಲ್ಲ.

ಸಣ್ಣ ಲೋಟಗಳ ಟ್ರೇಯಲ್ಲಿ ವೈನ್ ಕೆಂಪಾದರೆ ದ್ರಾಕ್ಷಿರಸ ಬಿಳಿಯದಿರಲಿ, ಕುಡಿತ ಬಿಟ್ಟವರು ಕೇಳದೆಯೇ ಗುರುತಿಸಬೇಕು. ರೊಟ್ಟಿಯ ಬದಲು ಕೊಡುವ ಬಿಲ್ಲೆಗಳಲ್ಲಿ ಗ್ಲುಟೆನ್ (ಗೋಧಿಯ ಅಂಟು) ಇಲ್ಲದವನ್ನು ಬೇರೆ ಡಬ್ಬಿಯಲ್ಲಿ, ಗೋಧಿಯ ಬಿಲ್ಲೆ ಮುಟ್ಟುವ ಮೊದಲು ಜೋಡಿಸಿ. ಒಂದೇ ತಟ್ಟೆಯ ಮೂಲೆಯಲ್ಲಿಟ್ಟರೆ ಇಟ್ಟೂ ಇಡದ ಹಾಗೆ.

ಇನ್ನು ದುಡ್ಡು. ಕಾಣಿಕೆ ಎಣಿಸಲು ಇಬ್ಬರು, ಆ ಇಬ್ಬರು ಒಂದೇ ಮನೆಯವರಾಗಬಾರದು. ಗಂಡ ಹೆಂಡತಿಯನ್ನು ಇಲ್ಲಿ ಒಬ್ಬರೆಂದೇ ಲೆಕ್ಕ. ಸಣ್ಣ ಸಭೆಯಲ್ಲಿ ‘ನಮ್ಮ ಮೇಲೆ ಅನುಮಾನವೇ?’ ಎಂಬ ಮಾತು ಬಂದೇ ಬರುತ್ತದೆ. ಲೆಕ್ಕ ತಪ್ಪಿದ ದಿನ ಎಣಿಸಿದವರನ್ನು ಕಾಪಾಡುವುದು ಇದೇ ನಿಯಮ ಎಂದು ಹೇಳಿ, ಜಗ್ಗಬೇಡಿ. ಚೆಕ್ಕುಗಳ ಹಿಂದೆ ‘ಜಮೆಗೆ ಮಾತ್ರ’ ಎಂಬ ಸೀಲು ಮೊದಲು, ಎಣಿಕೆ ಆಮೇಲೆ. ಲಕೋಟೆಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ವ್ಯತ್ಯಾಸ ಇದ್ದರೆ ಅಲ್ಲೇ ತಿದ್ದಿ ಇಬ್ಬರೂ ಸಹಿ ಹಾಕಬೇಕು. ಎಣಿಸಿದವರು ಪುಸ್ತಕ ಬರೆಯಬಾರದು, ಪುಸ್ತಕ ಬರೆಯುವವರು ಬ್ಯಾಂಕ್ ಲೆಕ್ಕ ತಾಳೆ ನೋಡಬಾರದು. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು ಸಭೆಯ ಲಿಖಿತ ರಸೀತಿ ಬೇಕು. ಪ್ರತಿಯಾಗಿ ವಸ್ತುವನ್ನೋ ಸೇವೆಯನ್ನೋ ಕೊಟ್ಟಿಲ್ಲ ಎಂಬ ವಾಕ್ಯ ಅದರಲ್ಲಿ ಇಲ್ಲದಿದ್ದರೆ ರಸೀತಿ ಇದ್ದೂ ಪ್ರಯೋಜನವಿಲ್ಲ.

ಪಾಸ್ಟರ್ ಸಂಬಳದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಪಾಸ್ಟರ್ ಸಾಮಾನ್ಯವಾಗಿ ಆದಾಯ ತೆರಿಗೆಗೆ ನೌಕರ, ಸೋಷಿಯಲ್ ಸೆಕ್ಯೂರಿಟಿಗೆ (ಪಿಂಚಣಿ, ವೃದ್ಧರ ವೈದ್ಯವಿಮೆಗಾಗಿ ಕಟ್ಟುವ ತೆರಿಗೆಗೆ) ಸ್ವಂತ ಉದ್ಯೋಗಿ. ಆರ್ಗನ್‌ನವರ ಸಂಬಳದಿಂದ ಈ ತೆರಿಗೆಗೆ 7.65 ಶೇಕಡಾ ಹಿಡಿದು ಸಭೆಯೂ ಅಷ್ಟೇ ಸೇರಿಸಿ ಕಟ್ಟಬೇಕು, ಪಾಸ್ಟರ್ ಸಂಬಳದಿಂದ ಹಿಡಿಯಬಾರದು. ಅವರದನ್ನು ಅವರೇ ಕಟ್ಟುತ್ತಾರೆ, 15.3 ಶೇಕಡಾ. ಸಾಫ್ಟ್‌ವೇರಿನಲ್ಲಿ ಹೊಸ ನೌಕರರನ್ನು ಸೇರಿಸುವಾಗ ಈ ತೆರಿಗೆ ಹಿಡಿಯುವ ಟಿಕ್ ತಾನಾಗೇ ಬಿದ್ದಿರುತ್ತದೆ, ಅದನ್ನು ತೆಗೆಯಲು ಮರೆಯುವುದೇ ಮಾಮೂಲಿ ತಪ್ಪು. ಪಾಸ್ಟರಿಗೆ ಆದಾಯ ತೆರಿಗೆ ಬೀಳದ ಮನೆ ಭತ್ಯೆ ಎಷ್ಟು ಎಂಬುದನ್ನು ಚರ್ಚಿನ ಆಡಳಿತ ಮಂಡಳಿಯಾದ ಕೌನ್ಸಿಲ್ ಮುಂಚಿತವಾಗಿ ನಿರ್ಣಯ ಮಾಡಿ ನಡಾವಳಿಯಲ್ಲಿ ಬರೆಸಬೇಕು. ಜನವರಿಯಿಂದ ಲಾಗೂ ಆಗಬೇಕಾದರೆ ಕೌನ್ಸಿಲಿನ ಡಿಸೆಂಬರ್ ಮೀಟಿಂಗಿನಲ್ಲೇ ಆಗಬೇಕು. ಕ್ರಿಸ್ಮಸ್ ಗಡಿಬಿಡಿಯಲ್ಲಿ ಕೋರಂ ಇಲ್ಲದೆ ಮೀಟಿಂಗ್ ಮುಂದೆ ಹೋದರೆ, ಫೆಬ್ರವರಿಯಲ್ಲಿ ಮಾಡಿದ ನಿರ್ಣಯ ಜನವರಿಯ ಸಂಬಳಕ್ಕೆ ಅನ್ವಯಿಸುವುದಿಲ್ಲ. ನಷ್ಟ ಪಾಸ್ಟರಿಗೆ, ಅದೂ ಮೊದಲೇ ಸಣ್ಣ ಸಂಬಳದಲ್ಲಿ.

ಗುರುವಾರದ ಕೌದಿ ಗುಂಪಿನಲ್ಲಿ ಮಾತ್ರ ಎರಡನೆಯವರನ್ನು ಹುಡುಕುವ ಕಷ್ಟವಿಲ್ಲ, ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. 1945ರಲ್ಲಿ ಶುರುವಾದ ಲೂಥರನ್ ವರ್ಲ್ಡ್ ರಿಲೀಫ್ ಸಂಸ್ಥೆ ಯುದ್ಧ, ಭೂಕಂಪಗಳಿಂದ ಮನೆ ಬಿಟ್ಟವರಿಗೆ ಇಂಥ ಕೌದಿಗಳನ್ನು ಕಳಿಸುತ್ತದೆ. ಅಳತೆ 60×80 ಇಂಚು. ಮೇಲೆ ತುಂಡು ಬಟ್ಟೆಯ ಪದರ, ನಡುವೆ ಹತ್ತಿ ಹಾಸು ಇಲ್ಲವೇ ಹಳೆಯ ಕಂಬಳಿ, ಕೆಳಗೆ ಹಳೆಯ ಹಾಸಿಗೆ ಚಾದರ. ಉತ್ತರ ಕರ್ನಾಟಕದ ಕೌದಿಯಂತೆ ಉದ್ದಕ್ಕೂ ಹೊಲಿಗೆ ಓಡಿಸುವುದಿಲ್ಲ. ದಪ್ಪ ಕ್ರೋಶಾ ದಾರವನ್ನು ಐದಾರು ಇಂಚಿಗೊಮ್ಮೆ ಮೂರೂ ಪದರದ ಮೂಲಕ ಚುಚ್ಚಿ ಮೇಲೆ ಗಂಟು ಹಾಕುತ್ತಾರೆ. ಗಂಟು ಎರಡು ಸುತ್ತಿನದಾಗಿರಬೇಕು, ತುದಿ ಒಂದು ಇಂಚು ಬಿಡಬೇಕು. ಚಿಕ್ಕದಾಗಿ ಕತ್ತರಿಸಿದರೆ ಮೊದಲ ಒಗೆತಕ್ಕೇ ಬಿಚ್ಚಿ, ಒಳಗಿನ ಹತ್ತಿಯೆಲ್ಲ ಒಂದು ಮೂಲೆಗೆ ಉಂಡೆಯಾಗುತ್ತದೆ. ಶಿಲುಬೆಯ ಚಿತ್ರ, ಬಾವುಟ, ಸೈನ್ಯದ ಬಟ್ಟೆ ಬೇಡ. ಹೊದೆಯುವವರು ಯಾವ ದೇಶದವರೋ, ಯಾವ ಧರ್ಮದವರೋ. ದಾನವಾಗಿ ಬಂದ ಪರದೆ ಬಟ್ಟೆಯ ರಾಶಿಯಿಂದ ಇವನ್ನು ಆರಿಸಿ ತೆಗೆಯುವುದಕ್ಕೇ ಮೊದಲ ಅರ್ಧ ಗಂಟೆ ಹೋಗುತ್ತದೆ, ಕಾಫಿ ಅಷ್ಟರಲ್ಲಿ ಆಗಿರುತ್ತದೆ.