ಫಿಲಡೆಲ್ಫಿಯಾದ ಮೌನದ ಜೈಲು

ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದವರು ಲಿಬರ್ಟಿ ಬೆಲ್ ನೋಡುತ್ತಾರೆ, ಆರ್ಟ್ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಫೇರ್‌ಮೌಂಟ್ ಅವೆನ್ಯೂದಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಸಿಗುತ್ತದೆ. ಹಳೇ ಜೈಲು. ದಯವಿಟ್ಟು ಅದನ್ನು ಬಿಡಬೇಡಿ.

ಹೊರಗಿನಿಂದ ಕೋಟೆ ಇದ್ದ ಹಾಗಿದೆ. 30 ಅಡಿ ಎತ್ತರದ ಕಲ್ಲಿನ ಗೋಡೆ, ಬುರುಜುಗಳು. ದಾರಿಯಲ್ಲಿ ಹೋಗುವವರಿಗೆ ನೋಡಿದ ಕೂಡಲೇ ಭಯ ಹುಟ್ಟಲಿ ಅಂತಲೇ ಹೀಗೆ ಕಟ್ಟಿದ್ದು. ಒಳಗೆ ಹೋದರೆ ನಡುವೆ ಒಂದು ಗುಂಡಗಿನ ಹಾಲ್, ಅದರಿಂದ ಸುತ್ತಲೂ ಉದ್ದುದ್ದ ಓಣಿಗಳು ಹೊರಟಿವೆ. ನಡುವೆ ನಿಂತ ಒಬ್ಬನೇ ಕಾವಲುಗಾರ ಕತ್ತು ತಿರುಗಿಸಿದರೆ ಸಾಕು, ಎಲ್ಲ ಓಣಿಗಳೂ ಕಾಣುತ್ತವೆ. ಬೆಂಗಳೂರಿನ ಫ್ರೀಡಂ ಪಾರ್ಕ್ ನೋಡಿದ್ದೀರಲ್ವಾ? ಹಳೇ ಸೆಂಟ್ರಲ್ ಜೈಲಿನ ನಡುವೆ ಕಾವಲು ಗೋಪುರ ಇದೆಯಲ್ಲ, ಯೋಚನೆ ಅದೇ.

ಇದರ ಹಿಂದಿನ ಕಥೆ ನನ್ನನ್ನು ತುಂಬಾ ಕಾಡಿತು. ಅದಕ್ಕೂ ಮೊದಲು ಜೈಲು ಅಂದರೆ ಹೆಚ್ಚಾಗಿ ವಿಚಾರಣೆ ಮುಗಿಯುವವರೆಗೆ ಕೂಡಿ ಹಾಕುವ ಜಾಗ. ಶಿಕ್ಷೆ ಅಂದರೆ ಛಡಿ ಏಟು, ಊರ ನಡುವೆ ಕಟ್ಟಿಹಾಕುವುದು, ನೇಣು. 1786ರಲ್ಲಿ ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯ ಇದನ್ನು ಸ್ವಲ್ಪ ಬದಲಾಯಿಸಿ, ಹಲವು ಅಪರಾಧಗಳಿಗೆ ನೇಣಿನ ಬದಲು ತಲೆ ಬೋಳಿಸಿ ಸರಪಳಿ ಹಾಕಿ ಬೀದಿ ಕೆಲಸಕ್ಕೆ ಹಚ್ಚಿತು. ಆ ಅವಮಾನ ನೋಡಲಾಗದೆ ಮರುವರ್ಷ ಊರಿನ ಕೆಲವರು ಸೇರಿ ಕೈದಿಗಳಿಗಾಗಿ ಒಂದು ಸಂಘ ಕಟ್ಟಿದರು. ಅದರಲ್ಲಿ ಡಾಕ್ಟರ್ ಬೆಂಜಮಿನ್ ರಶ್ ಇದ್ದರು, ಕ್ವೇಕರ್ ಎಂಬ ಕ್ರೈಸ್ತ ಪಂಥದವರೂ ಇದ್ದರು. ಅವರು ಹೇಳಿದ್ದು ಇಷ್ಟೇ: ಹೊಡೆಯಬೇಡಿ, ಒಂಟಿಯಾಗಿ ಬಿಡಿ. ಮೌನದಲ್ಲಿ ಕೂತರೆ ಮನುಷ್ಯ ತಾನೇ ಪಶ್ಚಾತ್ತಾಪ ಪಟ್ಟು ಬದಲಾಗುತ್ತಾನೆ.

ಅದಕ್ಕಾಗಿ ಜಾನ್ ಹ್ಯಾವಿಲ್ಯಾಂಡ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಈ ಜೈಲು 1829ರಲ್ಲಿ ತೆರೆಯಿತು. ಪ್ರತಿ ಕೈದಿಗೂ ಸ್ವಂತ ಕೋಣೆ, ಅದಕ್ಕೆ ಅಂಟಿಕೊಂಡು ಒಬ್ಬನೇ ಓಡಾಡುವ ಸಣ್ಣ ಅಂಗಳ, ಚಳಿಗೆ ಬಿಸಿಗಾಳಿ, ನೀರು ಹರಿಯುವ ಶೌಚಾಲಯ. ಆಗ ಅಮೆರಿಕದ ಅಧ್ಯಕ್ಷರ ಮನೆಯಲ್ಲೂ ನಲ್ಲಿ ನೀರು ಇರಲಿಲ್ಲ! ನಾನೂ ಒಂದು ಕೋಣೆಯ ಒಳಗೆ ನಿಂತೆ. ಬಾಗಿಲು ಗಿಡ್ಡ, ಬಗ್ಗಿಯೇ ಹೋಗಬೇಕು. ಬೆಳಕು ಬರುವುದು ಚಾವಣಿಯ ಒಂದು ಕಿಂಡಿಯಿಂದ ಮಾತ್ರ. ದೇವರ ಕಣ್ಣು ಅಂತ ಅದನ್ನು ಕರೆಯುತ್ತಿದ್ದರಂತೆ.

ಮೊದಲ ಕೈದಿ ಚಾರ್ಲ್ಸ್ ವಿಲಿಯಮ್ಸ್, 18 ವರ್ಷದ ಕಪ್ಪು ಹುಡುಗ. ಕದ್ದಿದ್ದು 20 ಡಾಲರಿನ ಗಡಿಯಾರ ಮತ್ತು ಒಂದೆರಡು ಸಣ್ಣ ಚಿನ್ನದ ವಸ್ತು. ಶಿಕ್ಷೆ ಎರಡು ವರ್ಷ. ಒಳಗೆ ಕರೆತರುವಾಗ ಮುಖಕ್ಕೆ ಮುಸುಕು ಹಾಕುತ್ತಿದ್ದರು, ಯಾರೂ ಯಾರನ್ನೂ ಗುರುತಿಸಬಾರದು ಅಂತ. ಕಾವಲುಗಾರರು ಬೂಟಿನ ಮೇಲೆ ಕಾಲುಚೀಲ ತೊಟ್ಟು ನಡೆಯುತ್ತಿದ್ದರು, ಹೆಜ್ಜೆ ಸದ್ದೂ ಕೇಳಬಾರದು. ಓದಲು ಬೈಬಲ್, ಮಾಡಲು ಚಪ್ಪಲಿ ಹೊಲಿಯುವುದೋ ನೇಯುವುದೋ ಒಂದು ಕೆಲಸ. ಅಷ್ಟೇ. ಆ ಓಣಿಯಲ್ಲಿ ನಿಂತು ಆ ಹುಡುಗನ ಬಗ್ಗೆ ಯೋಚಿಸುತ್ತಿದ್ದರೆ ನನಗೆ ಸಿಟ್ಟೂ ಬಂತು, ದುಃಖವೂ ಆಯಿತು, ಯಾಕಂದರೆ ಇದನ್ನು ಮಾಡಿದವರು ಕ್ರೂರಿಗಳಲ್ಲ, ನಿಜವಾಗಿ ಒಳ್ಳೆಯದು ಮಾಡಬೇಕು ಅಂತ ಹೊರಟವರು, ಆದರೆ ಒಳಗೆ ಕೂತವನಿಗೆ ಏನಾಗುತ್ತಿದೆ ಅಂತ ಅವನನ್ನೇ ಕೇಳಲಿಲ್ಲ.

ಕೇಳಿದವರೂ ಇದ್ದರು. 1842ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇಲ್ಲಿಗೆ ಬಂದು ಕೈದಿಗಳ ಜೊತೆ ಮಾತಾಡಿದರು. ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಇದು ಕೆಟ್ಟದ್ದು ಎಂದು ಬರೆದರು. ಆದರೆ ಅಷ್ಟರಲ್ಲಿ ಲೋಕವೆಲ್ಲ ಈ ಮಾದರಿಯ ಹಿಂದೆ ಬಿದ್ದಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಪೆಂಟನ್‌ವಿಲ್ ಜೈಲು ತೆರೆಯಿತು. ಈ ನಕ್ಷೆಯನ್ನು ನೋಡಿ ಸುಮಾರು 300 ಜೈಲುಗಳು ಎದ್ದವು ಅನ್ನುತ್ತಾರೆ. 1906ರಲ್ಲಿ ಮುಗಿದ ಅಂಡಮಾನಿನ ಸೆಲ್ಯುಲಾರ್ ಜೈಲನ್ನು ನೆನೆಸಿಕೊಳ್ಳಿ. ನಡುವೆ ಗೋಪುರ, ಏಳು ಸಾಲು, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಎದುರಿಗೆ ಕಾಣುವುದು ಇನ್ನೊಂದು ಸಾಲಿನ ಬೆನ್ನು. ಫಿಲಡೆಲ್ಫಿಯಾದವರು ಮನಸ್ಸು ತಿದ್ದಲು ಹುಡುಕಿದ ಒಂಟಿತನವನ್ನು ಬ್ರಿಟಿಷರು ಅಲ್ಲಿ ಮನಸ್ಸು ಮುರಿಯಲು ಬಳಸಿದರು.

ಇಲ್ಲಿ ಮಾತ್ರ ಆ ಪದ್ಧತಿ ನಿಧಾನವಾಗಿ ಸಡಿಲವಾಯಿತು. ಕೈದಿಗಳು ಜಾಸ್ತಿಯಾದರು, ಜಾಗ ಸಾಲಲಿಲ್ಲ, 1913ರಲ್ಲಿ ಅದನ್ನು ಅಧಿಕೃತವಾಗಿ ಕೈಬಿಟ್ಟರು. ಆಮೇಲೆ ಇದೂ ಎಲ್ಲ ಜೈಲುಗಳಂತೆ ಒಂದು ಜೈಲು. ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಇದ್ದ ಕೋಣೆ ಮುಂದೆ ಜನ ಸೇರುತ್ತಾರೆ, ನನಗೆ ಅದು ಅಷ್ಟು ಮುಖ್ಯ ಅನ್ನಿಸಲಿಲ್ಲ. 1971ರಲ್ಲಿ ಮುಚ್ಚಿ, ವರ್ಷಗಟ್ಟಲೆ ಹಾಳುಬಿದ್ದು, ಒಳಗೆಲ್ಲ ಮರ ಬೆಳೆದು, ಆಮೇಲೆ ಮ್ಯೂಸಿಯಂ ಆಯಿತು. ಗೋಡೆಯ ಸುಣ್ಣ ಉದುರುತ್ತಿದೆ, ಅದನ್ನು ಹಾಗೇ ಬಿಟ್ಟಿದ್ದಾರೆ. ಆಡಿಯೋ ಗೈಡ್ ತಪ್ಪದೆ ತೆಗೆದುಕೊಳ್ಳಿ, ಅಲ್ಲಿದ್ದ ಕೈದಿಗಳ, ಕಾವಲುಗಾರರ ದನಿಯನ್ನೇ ಕೇಳಬಹುದು.

ಅಂಗಳದಲ್ಲಿ 16 ಅಡಿ ಎತ್ತರದ ಉಕ್ಕಿನ ಗ್ರಾಫ್ ನಿಲ್ಲಿಸಿದ್ದಾರೆ. 1900ರಿಂದ ಈಚೆಗೆ ಅಮೆರಿಕದಲ್ಲಿ ಜೈಲು ಸೇರಿದವರ ಪ್ರಮಾಣ ಹೇಗೆ ಏರಿತು ಅಂತ ತೋರಿಸುವ ಗ್ರಾಫ್ ಅದು, ಕತ್ತೆತ್ತಿ ನೋಡಬೇಕು.

ಒಂಟಿ ಸೆರೆ ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. 15 ದಿನಕ್ಕಿಂತ ಹೆಚ್ಚು ಒಬ್ಬರನ್ನೇ ಕೂಡಿ ಹಾಕಬಾರದು ಅಂತ ವಿಶ್ವಸಂಸ್ಥೆ, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ 2015ರ ಮಂಡೇಲಾ ನಿಯಮಗಳಲ್ಲಿ ಹೇಳಿದೆ. ನಮ್ಮ 1860ರ ದಂಡ ಸಂಹಿತೆಯಲ್ಲಿ ಒಟ್ಟು ಮೂರು ತಿಂಗಳವರೆಗೆ, ಒಂದು ಸಲಕ್ಕೆ 14 ದಿನ ಮೀರದಂತೆ ಒಂಟಿ ಸೆರೆ ಕೊಡಲು ಅವಕಾಶ ಇತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ನೇ ಕಲಂ ತೆಗೆದು ನೋಡಿ. ಅದು ಈಗಲೂ ಇದೆ. ಹೊಸದಾಗಿ ಕಾನೂನು ಬರೆಯುವಾಗ ಕೈಬಿಡಬಹುದಿತ್ತು, ಬಿಡಲಿಲ್ಲ.