ಜೆಲ್ಲಿ ಜಾಸ್ತಿ ಕೊಟ್ಟರೆ ಕಬುತೊಮುಶಿ ದೊಡ್ಡದಾಗುತ್ತಾ?

ಆಗಲ್ಲ. ಜಪಾನಿನ ಮನೆಗಳಲ್ಲಿ ಮಕ್ಕಳು ಸಾಕುವ ಈ ಕೊಂಬಿನ ದುಂಬಿ ಒಮ್ಮೆ ಕೋಶದಿಂದ ದುಂಬಿಯಾಗಿ ಬಂದ ಮೇಲೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ಗಟ್ಟಿಯಾದ ಮೈಕವಚ ಹಿಗ್ಗುವುದಿಲ್ಲ. ದುಂಬಿಗೆ ತಿನ್ನಿಸುವ ಸಿಹಿ ಜೆಲ್ಲಿ, ಬಾಳೆಹಣ್ಣು ಎಲ್ಲ ಆಯುಸ್ಸಿಗೆ, ಮೊಟ್ಟೆಗೆ ಒದಗುತ್ತವೆ, ಅಷ್ಟೇ.

ಗಾತ್ರ ತೀರ್ಮಾನವಾಗುವುದು ಹಿಂದಿನ ವರ್ಷವೇ. ಆಗಸ್ಟ್‌ನಲ್ಲಿಟ್ಟ ಮೊಟ್ಟೆ ಸುಮಾರು ಎರಡು ವಾರದಲ್ಲಿ ಒಡೆಯುತ್ತದೆ. ನಮ್ಮ ತಿಪ್ಪೆಯ ಗೊಣ್ಣೆಹುಳುವಿನಂತೆಯೇ ಕಾಣುವ ಮರಿ ಎರಡು ಸಲ ಪೊರೆ ಬಿಟ್ಟು ಮೂರನೇ ಹಂತಕ್ಕೆ ಬರುತ್ತದೆ. ತೂಕದ ಬಹುಪಾಲು ಏರುವುದು ಆ ಹಂತದ ಮೊದಲ ವಾರಗಳಲ್ಲಿ, ಅಂದರೆ ಚಳಿ ಬಿದ್ದು ತಿನ್ನುವುದು ನಿಲ್ಲುವ ಮೊದಲು. ಆಗ ಅರೆಹೊಟ್ಟೆ ಉಳಿದ ಮರಿಗೆ ವಸಂತದಲ್ಲಿ ಎಷ್ಟು ಉಣಿಸಿದರೂ ಕೊರತೆ ಪೂರ್ತಿ ತುಂಬುವುದಿಲ್ಲ.

ಗಂಡಿನ ಕೊಂಬಿನಲ್ಲಿ ಈ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. ಹೊಟ್ಟೆ ತುಂಬಿದ ಮರಿಯ ಮೈಯಲ್ಲಿ ಓಡಾಡುವ ಇನ್ಸುಲಿನ್ ಸಂಕೇತಕ್ಕೆ ಕೊಂಬು ರೆಕ್ಕೆಗಿಂತ ಹೆಚ್ಚು ಸ್ಪಂದಿಸುತ್ತದೆ. 2012ರಲ್ಲಿ ಜೀವವಿಜ್ಞಾನಿ ಡಗ್ಲಸ್ ಎಮ್ಲೆನ್ ತಂಡ ಇದೇ ದುಂಬಿಯಲ್ಲಿ ಅದನ್ನು ತೋರಿಸಿತು. ಹಾಗಾಗಿ ಮೈ ತುಸು ಚಿಕ್ಕದಾದರೂ ಕೊಂಬು ಮೊಳಕೆಯಷ್ಟೇ ಉಳಿಯಬಹುದು. ಅಪ್ಪನ ಕೊಂಬು ನೋಡಿ ಮರಿಗೆ ದುಡ್ಡು ಸುರಿಯುವವರಿಗೆ ನನ್ನ ಮಾತು: ಕಬುತೊಮುಶಿಯ ಮಟ್ಟಿಗೆ ಆ ದುಡ್ಡನ್ನು ಆಹಾರಕ್ಕೆ ಹಾಕಿ. ವಂಶಕ್ಕೆ ಬೆಲೆ ಕಟ್ಟುವುದು ಓಕುವಾಗತದಂಥ ಕತ್ತರಿದವಡೆಯ ದುಂಬಿಗಳಲ್ಲಿ.

ಮರಿಯ ಆಹಾರವೆಂದರೆ ಹುಳಿಸಿದ ಮರದ ಹುಡಿ. ಓಕ್‌ನಂಥ ಅಗಲೆಲೆ ಮರದ್ದೇ ಆಗಬೇಕು; ಪೈನ್, ದೇವದಾರು ಬೇಡ, ಅವುಗಳ ರಾಳ ಮರಿಗೆ ಆಗದು. ಹತ್ತು ಪಾಲು ಹುಡಿಗೆ ಒಂದು ಪಾಲು ಗೋಧಿ ಬೂಸಾ, ನೀರು ಕಲಸಿಟ್ಟರೆ ಬಿಸಿ ಏರುತ್ತದೆ. ಆಗಾಗ ಕೆದಕಿ, ಬಿಸಿ ಪೂರ್ತಿ ಇಳಿದು, ಹುಳಿ ವಾಸನೆ ಹೋಗಿ ಮಣ್ಣಿನ ವಾಸನೆ ಬರುವವರೆಗೆ ಕಾಯಬೇಕು. ಅವಸರಪಟ್ಟರೆ ಡಬ್ಬಿಯೊಳಗೇ ಮತ್ತೆ ಹುಳಿಯಲು ಶುರುವಾಗಿ ಆಮ್ಲಜನಕ ತೀರುತ್ತದೆ. ಮರಿಗಳೆಲ್ಲ ಮೇಲೆ ಬಂದು ಬಿದ್ದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ತೇವದ ಹದ: ಹಿಡಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

ಮರಿಯೊಂದಕ್ಕೆ 3ರಿಂದ 5 ಲೀಟರ್ ಹುಡಿ ಇರಲಿ. ಇಕ್ಕಟ್ಟಾದರೆ ಹಿಕ್ಕೆ ಬೇಗ ತುಂಬಿ ತಿನ್ನಲು ಏನೂ ಉಳಿಯುವುದಿಲ್ಲ. ಮೇಲ್ಪದರದಲ್ಲಿ ಹಿಕ್ಕೆಯ ಕಾಳುಗಳೇ ಕಂಡಾಗ ಹುಡಿ ಬದಲಿಸಿ, ಆದರೆ ಹಳೆಯದರ ಮೂರನೇ ಒಂದು ಪಾಲು ಉಳಿಸಿ ಬೆರೆಸಿ. ಅದರಲ್ಲಿರುವ ಸೂಕ್ಷ್ಮಜೀವಿಗಳು ಮರಿಗೆ ಬೇಕು. ಸೆಕೆ ಜಾಸ್ತಿಯಾದರೆ ಮರಿ ಬೇಗ ಕೋಶವಾಗಿ ಗಿಡ್ಡ ದುಂಬಿ ಬರುತ್ತದೆ.

ಮೇ ಹೊತ್ತಿಗೆ ಕೆಳಗಿನ ಹುಡಿಯನ್ನು ಒತ್ತಿ ಗಟ್ಟಿ ಮಾಡಿ, ಆಳ 15 ಸೆಂಟಿಮೀಟರ್ ಇರಲಿ. ಮರಿ ಅಲ್ಲಿ ನೆಟ್ಟಗೆ ನಿಂತ ಗೂಡು ಕಟ್ಟುತ್ತದೆ. ಆಮೇಲೆ ಕೆದಕಬಾರದು. ಗೂಡು ಒಡೆದರೆ ಗಾತ್ರ ಕಡಿಮೆಯಾಗುವುದಿಲ್ಲ, ಕೊಂಬು, ರೆಕ್ಕೆ ಸೊಟ್ಟಗಾಗುತ್ತವೆ. ಒಡೆದೇ ಹೋದರೆ ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯನ್ನು ನೆಟ್ಟಗಿಟ್ಟು, ತಳಕ್ಕೆ ಒದ್ದೆ ಟಿಶ್ಯೂ ಹಾಕಿ, ಕೋಶವನ್ನು ತಲೆ ಮೇಲಾಗಿ ನಿಲ್ಲಿಸಿ.