ಕ್ರಯಪತ್ರದಲ್ಲೊಂದು ಹೆಬ್ಬೆಟ್ಟು

ಇ-ಖಾತಾ ಮಾಡಿಸಬೇಕು ಅಂತ ಹೋದ ತಿಂಗಳು ಅಜ್ಜನ ಟ್ರಂಕು ಬಿಚ್ಚಿದೆವು. ಹಳೇ ದಾವಣಗೆರೆಯಲ್ಲಿ ನಮ್ಮದೊಂದು ಮಣ್ಣಿನ ಗೋಡೆಯ ಮನೆ. ಓಣಿಯವರ ಬಾಯಲ್ಲಿ ಅದು ಈಗಲೂ ದಲಾಲರ ಮನೆ. ಅಜ್ಜ ಕೊಂಡು ಅರವತ್ತು ವರ್ಷ ದಾಟಿದರೂ ಆ ಹೆಸರು ಹೋಗಿಲ್ಲ.

ದಲಾಲರದು ಹತ್ತಿ ವ್ಯಾಪಾರ. ಪಡಸಾಲೆಯ ತೊಲೆಯಲ್ಲಿ ಅವರು ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿ ಹಾಗೇ ಇದೆ. ನಮ್ಮನೆ ಮಕ್ಕಳ ತೊಟ್ಟಿಲನ್ನೆಲ್ಲ ಅದಕ್ಕೇ ಕಟ್ಟಿದ್ದು.

ಅಜ್ಜನ ಕ್ರಯಪತ್ರ 1958ರದು. 'ಮೈಸೂರು ರಾಜ್ಯ, ಚಿತ್ರದುರ್ಗ ಜಿಲ್ಲೆ' ಅಂತಿದೆ. ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ, ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ ಅಲ್ವಾ.

ಅದರ ಅಡಿಯಲ್ಲಿ ಇನ್ನೊಂದು ಪತ್ರ ಇತ್ತು. 1931ರದು, ಮಡಿಕೆಯಲ್ಲಿ ಹರಿದಿತ್ತು. ದಲಾಲರಿಗೆ ಮನೆ ಮಾರಿದವರು ಒಬ್ಬ ಹೆಂಗಸು! 'ನನ್ನ ಸ್ವಯಾರ್ಜಿತ ಮನೆ, ಹಿತ್ತಲು, ಮಂಡಕ್ಕಿ ಭಟ್ಟಿ ಸಮೇತ' ಅಂತ ಬರೆಸಿದ್ದಾರೆ. ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟು. ಮಸಿ ಮಾಸಿದ್ದರೂ ಗೆರೆಗಳು ಒಂದೊಂದೂ ಕಾಣುತ್ತವೆ. ನಡುವೆ ಅಡ್ಡಕ್ಕೆ ಒಂದು ಬಿಳಿ ಗೀರು. ಸುಟ್ಟ ಗಾಯದ ಕಲೆ ಇರಬೇಕು ಅಂತ ನನಗನ್ನಿಸಿತು.

ಸ್ವಯಾರ್ಜಿತ. ಅಂದರೆ ಗಂಡನ ಕಡೆಯಿಂದ ಬಂದದ್ದಲ್ಲ, ತವರಿನವರು ಕೊಟ್ಟದ್ದೂ ಅಲ್ಲ. ಓದು ಬರಹ ಇಲ್ಲದ ಹೆಣ್ಣುಮಗಳು ಬೆಂಕಿಯ ಮುಂದೆ ಕೂತು ದುಡಿದ ದುಡ್ಡಲ್ಲಿ ಮಾಡಿಕೊಂಡ ಮನೆ. ಹೆಸರು ಮಾತ್ರ ದಲಾಲರಿಗೆ ಹೋಯಿತು. ಇದು ನನಗೆ ತುಂಬಾ ಬೇಜಾರಾಯಿತು.

ಓದಿ ಹೇಳಿದ ಕೂಡಲೇ ಅಮ್ಮ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಎಲ್ಲಿ ಅಗೆದರೂ ಕರಿ ಮರಳು ಬರುತ್ತದೆ. ಹೂವಿನ ಗಿಡ ಹತ್ತಲ್ಲ ಅಂತ ಅಮ್ಮ ಎಷ್ಟು ವರ್ಷದಿಂದ ಗೊಣಗುತ್ತಿದ್ದರು! ಭತ್ತ ಕುದಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೇನೇ ಮಂಡಕ್ಕಿ ಅರಳುವುದು. ಆ ಮರಳು ಹುರಿದು ಹುರಿದು ಕಪ್ಪಾಗುತ್ತದೆ. ಅಮ್ಮ ಒಂದು ಹಿಡಿ ತಂದು ಪತ್ರದ ಪಕ್ಕದಲ್ಲಿ ಸುರಿದರು.

"ಖಾತೆಯಲ್ಲಿ ಆ ಯಮ್ಮನ ಹೆಸರು ಬರ್ತದೇನು?" ಅಂತ ಕೇಳಿದರು.

"ಇಲ್ಲಮ್ಮ, ಅಷ್ಟು ಹಿಂದಿನದು ಕೇಳಲ್ಲ."

ಮರುದಿನ ಅಜ್ಜನ ಪತ್ರದ ಜೊತೆ ಅದನ್ನೂ ಜೆರಾಕ್ಸ್ ಅಂಗಡಿಗೆ ಒಯ್ದೆ. ಮಡಿಕೆ ಬಿಡದಂತೆ ಹಿಂದೆ ಹಾಳೆ ಇಟ್ಟು ನಿಧಾನಕ್ಕೆ ತೆಗೆಯಪ್ಪಾ ಅಂದೆ.